ಜನ ಬಿಟ್ಟುಹೋದ ಕಡಲೂರಿನ ಉಸ್ತುವಾರಿ: ಹೊರಡುವ ದಿನದಿಂದ ಬೀಗ ಹಾಕುವ ದಿನದವರೆಗೆ

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾದಲ್ಲಿ ಉಳಿದಿದ್ದ 36 ಜನ 1930ರ ಆಗಸ್ಟ್ 29ರಂದು ಹಡಗು ಹತ್ತಿ ಹೊರಟುಹೋದರು. ಐರ್ಲೆಂಡಿನ ಗ್ರೇಟ್ ಬ್ಲಾಸ್ಕೆಟ್ ದ್ವೀಪ 1953ರಲ್ಲಿ ಖಾಲಿಯಾಯಿತು. ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್‌ನಲ್ಲಿ 1904ರಲ್ಲಿ ಶುರುವಾಗಿದ್ದ ತಿಮಿಂಗಿಲ ಬೇಟೆಯ ನೆಲೆ 1960ರ ದಶಕದಲ್ಲಿ ಬಾಗಿಲು ಮುಚ್ಚಿತು. ಅಂಟಾರ್ಕ್ಟಿಕಾದ ಪೋರ್ಟ್ ಲಾಕ್‌ರಾಯ್‌ನಲ್ಲಿ 1944ರಲ್ಲಿ ಕಟ್ಟಿದ ಬ್ರಿಟಿಷ್ ನೆಲೆಯನ್ನು 1962ರಲ್ಲಿ ತೊರೆದು, 1996ರಲ್ಲಿ ಮತ್ತೆ ದುರಸ್ತಿ ಮಾಡಲಾಯಿತು. ಇಂಥ ಊರುಗಳು ಇಂದಿಗೂ ನಿಂತಿರುವುದಕ್ಕೆ ಕಾರಣ, ಪ್ರತಿವರ್ಷ ಕೆಲವರು ಅಲ್ಲಿಗೆ ಹೋಗಿ, ತಿಂಗಳುಗಟ್ಟಲೆ ಉಳಿದು, ಅವುಗಳನ್ನು ನೋಡಿಕೊಳ್ಳುತ್ತಿರುವುದು.

ಗ್ರೇಟ್ ಬ್ಲಾಸ್ಕೆಟ್‌ಗೆ ಇಬ್ಬರು ಉಸ್ತುವಾರಿಗಳು ಬೇಕೆಂಬ ಪ್ರಕಟಣೆ ಹೊರಬಿದ್ದಾಗ ಜಗತ್ತಿನ ಮೂಲೆಮೂಲೆಯಿಂದ ಸಾವಿರಾರು ಅರ್ಜಿಗಳು ಬರುತ್ತವೆ. ಅರ್ಜಿ ಹಾಕುವವರ ಮನಸ್ಸಿನಲ್ಲಿ ಸೂರ್ಯಾಸ್ತ, ಮೌನ, ಓದಲು ಬಿಡುವು ಇರುತ್ತವೆ. ಅವೂ ಸಿಗುತ್ತವೆ. ಆದರೆ ದಿನದ ಬಹುಪಾಲು ಕಳೆಯುವುದು ನೀರು ಹೊರುವುದರಲ್ಲಿ, ಗೋಡೆ ನೋಡುವುದರಲ್ಲಿ, ನೋಡಿದ್ದನ್ನು ಬರೆದಿಡುವುದರಲ್ಲಿ. ಬಿರುಗಾಳಿಯೊಂದು ಗಟ್ಟಿಮುಟ್ಟಾದ ಹಳೆಯ ಮನೆಯನ್ನು ಒಂದೇ ರಾತ್ರಿಯಲ್ಲಿ ಕೆಡವುವುದು ಅಪರೂಪ. ಜಾರಿದ ಒಂದು ಹೆಂಚು, ಕಸ ಕಟ್ಟಿಕೊಂಡ ಒಂದು ದಂಬೆ (ಛಾವಣಿಯ ಅಂಚಿನಲ್ಲಿ ಮಳೆನೀರು ಹರಿಯುವ ತೋಡು) ವರ್ಷಗಟ್ಟಲೆ ಅದನ್ನು ಒಳಗಿನಿಂದ ಸಡಿಲಿಸಿರುತ್ತವೆ. ಗಾಳಿ ಬಂದು ಕೊನೆಯ ಪೆಟ್ಟು ಕೊಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇಷ್ಟು: ದಿನವೂ ಅದೇ ದಾರಿಯಲ್ಲಿ ನಡೆಯಿರಿ, ಅದೇ ಜಾಗಗಳನ್ನು ನೋಡಿರಿ, ಕಂಡದ್ದನ್ನು ಅಂದೇ ಬರೆಯಿರಿ.

ಹೆಜ್ಜೆ 1: ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಊರಿನ ಒಡೆತನ ಯಾರದ್ದೋ ಅವರಿಂದ ಕೆಲವು ಉತ್ತರಗಳನ್ನು ಬರಹದಲ್ಲಿಯೇ ಪಡೆಯಿರಿ. ಯಾವ ಕಟ್ಟಡವನ್ನು ನೀವೇ ಮುಟ್ಟಿ ದುರಸ್ತಿ ಮಾಡಬಹುದು, ಯಾವುದಕ್ಕೆ ಸಂರಕ್ಷಣಾ ತಜ್ಞರ ಒಪ್ಪಿಗೆ ಬೇಕು? ಕಾಯಿಲೆ ಬಿದ್ದರೆ ಕರೆದೊಯ್ಯುವವರು ಯಾರು, ಹವಾಮಾನ ಕೆಟ್ಟಾಗ ಹೆಚ್ಚೆಂದರೆ ಎಷ್ಟು ದಿನ ದೋಣಿ ಬಾರದೇ ಇರಬಹುದು? ನೀರು ಎಲ್ಲಿಂದ? ಸಂಪರ್ಕ ಹೇಗೆ? ವಿಮೆ ಯಾರ ಹೆಸರಿನಲ್ಲಿ? ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ, ನನ್ನ ಮಾತು ಕೇಳಿ, ಒಪ್ಪಿಕೊಳ್ಳಬೇಡಿ. ದೋಣಿ ಬಾರದ ದಿನಗಳ ಲೆಕ್ಕ ಗೊತ್ತಿಲ್ಲದವರಿಗೆ ಆ ಜಾಗದ ಸ್ವಭಾವವೇ ಗೊತ್ತಿರುವುದಿಲ್ಲ. ಉತ್ತರ ಸಿಕ್ಕಿದರೆ ಆ ದಿನಗಳ ದುಪ್ಪಟ್ಟಿಗೆ ಆಗುವಷ್ಟು ಒಣ ದಿನಸಿ, ಔಷಧ, ಇಂಧನ ಇಟ್ಟುಕೊಳ್ಳಿ.

ಹಲ್ಲಿನ ವೈದ್ಯರನ್ನು ಕಂಡು ಬನ್ನಿ. ದೂರದ ನೆಲೆಗಳಲ್ಲಿ ಸಣ್ಣ ಹಲ್ಲುನೋವೂ ದೊಡ್ಡ ಸಂಕಟ. ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಇಬ್ಬರೂ ಪಡೆಯಬೇಕು. ಗಾಯ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲಾಗದು.

ಸಾಮಾನು ಕಟ್ಟುವಾಗ ಬೂಟಿನ ಅಡಿಯ ಮಣ್ಣು, ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಬೀಜ, ಜೇಬಿನ ಮೂಲೆಯ ಹುಲ್ಲು ಎಲ್ಲವನ್ನೂ ಬ್ರಷ್ ಹಾಕಿ ತೆಗೆಯಿರಿ. ಆಹಾರದ ಪೆಟ್ಟಿಗೆಗಳನ್ನು ದೋಣಿಗೆ ಏರಿಸುವ ಮುನ್ನ ಬಿಚ್ಚಿ ನೋಡಿ, ಮತ್ತೆ ಮುಚ್ಚಿ. ಇದು ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. ಹಡಗುಗಳ ಜೊತೆ ಬಂದ ಇಲಿಗಳು ದಕ್ಷಿಣ ಜಾರ್ಜಿಯಾದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿಗಳನ್ನು ತಿಂದು ಹಾಕಿದ್ದವು. ಅವುಗಳನ್ನು ತೊಲಗಿಸುವ ಕಾರ್ಯಾಚರಣೆ 2011ರಿಂದ 2015ರವರೆಗೆ ನಡೆಯಿತು. ದ್ವೀಪ ಇಲಿಮುಕ್ತವಾಗಿದೆ ಎಂದು ಘೋಷಿಸಿದ್ದು 2018ರಲ್ಲಿ. ಗರ್ಭಿಣಿ ಇಲಿಯೊಂದು ದಿನಸಿ ಪೆಟ್ಟಿಗೆಯಲ್ಲಿ ದಡ ಸೇರಿದರೆ ಅಷ್ಟೂ ಶ್ರಮ ನೀರುಪಾಲು.

ಹೆಜ್ಜೆ 2: ಮೊದಲ ವಾರ ಏನನ್ನೂ ಸರಿಪಡಿಸಬೇಡಿ

ಬಂದಿಳಿದ ಕೂಡಲೇ ಸುತ್ತಿಗೆ ಹಿಡಿಯುವ ಹುಮ್ಮಸ್ಸು ಸಹಜ. ತಡೆದುಕೊಳ್ಳಿ. ಮೊದಲ ವಾರ ಊರನ್ನು ಓದುವುದಕ್ಕೆ ಮೀಸಲು.

ಪ್ರತಿ ಕಟ್ಟಡಕ್ಕೂ ಸಂಖ್ಯೆ ಇರಬೇಕು. ಇಲ್ಲದಿದ್ದರೆ ನಕ್ಷೆಯ ಮೇಲೆ ನೀವೇ ಕೊಡಿ, ಗೋಡೆಯ ಮೇಲೆ ಬರೆಯಬೇಡಿ. ಪ್ರತಿ ಗೋಡೆಗೂ ದಿಕ್ಕಿನ ಹೆಸರು: 7ನೇ ಮನೆಯ ಪಡುಗೋಡೆ, ಹೊರಮೈ. ಹೀಗೆ ಬರೆದರೆ ಮುಂದಿನ ವರ್ಷ ಬರುವವರಿಗೂ, ಸಾವಿರಾರು ಕಿಲೋಮೀಟರ್ ದೂರದ ಕಚೇರಿಯಲ್ಲಿ ಕೂತ ತಜ್ಞರಿಗೂ ಒಂದೇ ಅರ್ಥ ಬರುತ್ತದೆ.

ನಂತರ ಛಾಯಾಚಿತ್ರಗಳು. ಕಂಡದ್ದನ್ನೆಲ್ಲ ತೆಗೆಯುತ್ತ ಹೋದರೆ ಹೋಲಿಸಲು ಬಾರದು. ಪ್ರತಿ ಗೋಡೆಗೆ ನಿಲ್ಲುವ ಜಾಗ ಒಂದನ್ನು ಗೊತ್ತುಮಾಡಿ, ಅಲ್ಲೊಂದು ಗುರುತಿನ ಗೂಟ ಅಥವಾ ಚಪ್ಪಟೆ ಕಲ್ಲು ಇಡಿ. ಪ್ರತಿ ಬಾರಿ ಅಲ್ಲಿಂದಲೇ, ಅದೇ ಎತ್ತರದಿಂದ, ಗೋಡೆಗೆ ಅಳತೆಪಟ್ಟಿ ಆನಿಸಿ ತೆಗೆಯಿರಿ. ಬಿರುಕುಗಳಿದ್ದರೆ ಅವುಗಳ ತುದಿಯಲ್ಲಿ ಸಣ್ಣದೊಂದು ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಬಹುದೇ ಎಂದು ಒಡೆತನದ ಸಂಸ್ಥೆಯನ್ನು ಕೇಳಿ. ಒಪ್ಪಿದರೆ ಬಿರುಕು ಮುಂದುವರಿದಿದೆಯೇ ಎಂಬುದು ಮುಂದಿನ ತಿಂಗಳು ಒಂದೇ ನೋಟಕ್ಕೆ ತಿಳಿಯುತ್ತದೆ. ಅಗಲ ಅಳೆಯಲು ವರ್ನಿಯರ್ ಕ್ಯಾಲಿಪರ್ ಸಾಕು. ಹಳೆಯ ಬಿರುಕುಗಳಲ್ಲಿ ಬಹಳಷ್ಟು ನಿಂತುಹೋದವು; ಬಿರುಕು ಕಂಡು ಗಾಬರಿಯಾಗುವ ಅಗತ್ಯವಿಲ್ಲ. ಅದು ಚಲಿಸುತ್ತಿದೆಯೇ ಎಂಬುದೇ ಪ್ರಶ್ನೆ.

ಕಡಲ ಕೊರೆತಕ್ಕೂ ಇದೇ ವಿಧಾನ. ದಂಡೆಯ ಅಂಚಿನಿಂದ ಸಾಕಷ್ಟು ಒಳಗೆ ಸರಿದು ನೆಲದಲ್ಲಿ ಗಟ್ಟಿಯಾದ ಗೂಟಗಳನ್ನು ಊರಿ, ಅಲ್ಲಿಂದ ಅಂಚಿನವರೆಗಿನ ದೂರವನ್ನು ಟೇಪಿನಿಂದ ಅಳೆದಿಡಿ. ಪ್ರತಿ ದೊಡ್ಡ ಗಾಳಿಯ ನಂತರ ಮತ್ತೆ ಅಳೆಯಿರಿ. ಕುಸಿದ ಅಂಚಿನಲ್ಲಿ ಹಳೆಯ ಮಡಕೆಯ ಚೂರು, ಮೂಳೆ, ಒಲೆಯ ಬೂದಿಯ ಪದರ ಕಂಡರೆ ಅಗೆಯಬೇಡಿ. ಚಿತ್ರ ತೆಗೆದು, ಜಾಗ ಗುರುತಿಸಿ, ಅಂದೇ ತಿಳಿಸಿ.

ಹೆಜ್ಜೆ 3: ಬೆಳಗಿನ ಮೊದಲ ಕೆಲಸ, ಆಕಾಶ ಮತ್ತು ಕಡಲು

ಎದ್ದ ಕೂಡಲೇ ವಾಯುಭಾರ ಮಾಪಕ ನೋಡಿ, ಸಂಖ್ಯೆ ಬರೆಯಿರಿ. ಮುಖ್ಯವಾದದ್ದು ಸಂಖ್ಯೆಯಲ್ಲ, ಅದು ಎಷ್ಟು ಬೇಗ ಇಳಿಯುತ್ತಿದೆ ಎಂಬುದು. ಮೂರು ಗಂಟೆಯಲ್ಲಿ 3.6 ಹೆಕ್ಟೊಪ್ಯಾಸ್ಕಲ್‌ಗಿಂತ ಹೆಚ್ಚು ಇಳಿದರೆ ಬ್ರಿಟಿಷ್ ಹಡಗು ಹವಾಮಾನ ವರದಿಯಲ್ಲಿ ಅದನ್ನು ‘ವೇಗದ ಇಳಿಕೆ’ ಎನ್ನುತ್ತಾರೆ. ಅಂಥ ಇಳಿಕೆ ಕಂಡ ದಿನ ಏಣಿ, ದೋಣಿ ಎರಡನ್ನೂ ಮರೆತುಬಿಡಿ. ಸಡಿಲವಾದ ಕದ, ಡಬ್ಬ, ಹಲಗೆಗಳನ್ನು ಕಟ್ಟಿಹಾಕಿ. ಗಾಳಿಯ ಬಲಕ್ಕೆ 0ಯಿಂದ 12ರವರೆಗಿನ ಬ್ಯೂಫರ್ಟ್ ಅಳತೆ ಬಳಸಿ. ನನ್ನ ಮಟ್ಟಿಗೆ 5 ದಾಟಿದರೆ, ಅಂದರೆ ಗಂಟೆಗೆ 38 ಕಿಲೋಮೀಟರ್‌ಗಿಂತ ಮೇಲೆ, ಏಣಿ ಹತ್ತುವುದು ಬೇಡ. ಸಹಾಯಕ್ಕೆ ಆಸ್ಪತ್ರೆ ಹತ್ತಿರವಿಲ್ಲದ ಕಡೆ ಈ ಮಿತಿ ಅತಿಯಾಯಿತು ಎನಿಸದು.

ಉಬ್ಬರವಿಳಿತದ ಪಟ್ಟಿ ಗೋಡೆಯ ಮೇಲಿರಲಿ. ದಿನಕ್ಕೆ ಎರಡು ಉಬ್ಬರ ಬರುವ ಕಡೆಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗುತ್ತ ಹೋಗುತ್ತದೆ. ನೀರು ಏರುವ ವೇಗವೂ ಒಂದೇ ಸಮನಲ್ಲ. ನಾವಿಕರು ಹನ್ನೆರಡನೇ ಭಾಗದ ಲೆಕ್ಕ ಹಾಕುತ್ತಾರೆ: ಏರುವ ಆರು ಗಂಟೆಗಳಲ್ಲಿ ಮೊದಲ ಗಂಟೆಗೆ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ತಲಾ ಮೂರು, ಆಮೇಲೆ ಎರಡು, ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಏರಿಬಿಡುತ್ತದೆ. ದಡದುದ್ದಕ್ಕೂ ನಡೆದು ಬಂಡೆಯ ಹಿಂಬದಿಗೆ ಹೋದವರು ಸಿಕ್ಕಿಬೀಳುವುದು ಈ ಹೊತ್ತಿನಲ್ಲೇ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದ ದಿನಗಳಲ್ಲಿ ಗಾಳಿಯೂ ದಡದತ್ತ ಬೀಸುತ್ತಿದ್ದರೆ ತಗ್ಗಿನ ಕಟ್ಟಡಗಳ ಬಾಗಿಲುಗಳಿಗೆ ಮರಳುಚೀಲ ಒಡ್ಡಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಗಾಳಿ ನಿಂತಿರುತ್ತದೆ, ಬಿಸಿಲು ಹೊಳೆಯುತ್ತಿರುತ್ತದೆ, ಆದರೆ ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ತೆರೆಗಳು ದಕ್ಕೆಗೆ ಬಂದು ಬಡಿಯುತ್ತಿರುತ್ತವೆ. ಒಂದು ತೆರೆಯ ತಲೆಯಿಂದ ಇನ್ನೊಂದರ ತಲೆಗೆ ಎಷ್ಟು ಸೆಕೆಂಡು ಎಂದು ಎಣಿಸಿ. ಹನ್ನೆರಡು ಸೆಕೆಂಡಿಗೂ ಮೇಲಾದರೆ ಆ ತೆರೆಗೆ ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು ಬಲವಿದೆ ಎಂದೇ ತಿಳಿಯಿರಿ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ದಕ್ಕೆಯ ತುದಿಗೆ ಹೋಗುವ ಮುನ್ನ ಹತ್ತು ನಿಮಿಷವಾದರೂ ಮೇಲೆ ನಿಂತು ನೋಡಿ.

ಹೆಜ್ಜೆ 4: ನೀರು, ಬೆಂಕಿ, ವಿದ್ಯುತ್

ಮಳೆನೀರು ಹಿಡಿಯುವ ಕಡೆ ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 40 ಚದರ ಮೀಟರ್ ಮಾಡು, 10 ಮಿಲಿಮೀಟರ್ ಮಳೆ: ಹೆಚ್ಚೆಂದರೆ 400 ಲೀಟರ್. ಪರಿಹಾರ ಶಿಬಿರಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿರುವ ಕನಿಷ್ಠ ಪ್ರಮಾಣ ತಲೆಗೆ ದಿನಕ್ಕೆ 15 ಲೀಟರ್. ಇಬ್ಬರಿದ್ದರೆ ಆ ನೀರು ಎರಡು ವಾರಕ್ಕೂ ಸ್ವಲ್ಪ ಕಡಿಮೆ. ತೊಟ್ಟಿಯಲ್ಲಿ ಎಷ್ಟಿದೆ ಎಂಬುದನ್ನು ದಿನವೂ ಕೋಲು ಇಳಿಸಿ ಅಳೆಯಿರಿ.

ಮಳೆ ಶುರುವಾದಾಗಿನ ಮೊದಲ ನೀರು ಮಾಡಿನ ಮೇಲಿನ ಹಕ್ಕಿ ಹಿಕ್ಕೆ, ಉಪ್ಪು, ದೂಳನ್ನು ತೊಳೆದು ತರುತ್ತದೆ. ಅದನ್ನು ಹೊರಗೆ ಬಿಡಿ. ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಮಾಡಿನ ಸಂದುಗಳಿಗೆ ಸೀಸದ ತಗಡು ಹೊದಿಸಿದ್ದರೆ ಆ ನೀರು ಕುಡಿಯಲು ಬೇಡ. ಕುದಿಸಿದರೆ ಸೀಸ ಹೋಗುವುದಿಲ್ಲ.

ಸೌರಫಲಕ ಅಥವಾ ಸಣ್ಣ ಗಾಳಿಯಂತ್ರದಿಂದ ತುಂಬುವ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಿದ್ದರೆ, ಬೆಳಗ್ಗೆ ಚಾರ್ಜ್ ಆಗುವ ಮುನ್ನ ಅಳೆಯಿರಿ. 12.7 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಅದಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಮೊದಲ ಪಾಲು ಯಾವಾಗಲೂ ರೇಡಿಯೊಗೆ, ಆಮೇಲೆ ದೀಪಕ್ಕೆ, ಮಿಕ್ಕದ್ದು ಮೊಬೈಲಿಗೆ.

ಬೆಂಕಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಬಹಳ ದಿನ ಹೊಗೆಯಾಡದ ಚಿಮಣಿಯಲ್ಲಿ ಹಕ್ಕಿಗೂಡು ಇರಬಹುದು. ಪರೀಕ್ಷಿಸದೆ ಒಲೆ ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆ ತುಂಬುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಎಚ್ಚರಿಕೆಯ ಗಂಟೆಯ ಉಪಕರಣ ಒಂದು ಮಲಗುವ ಕೋಣೆಯಲ್ಲಿ, ಒಂದು ಒಲೆಯಿರುವ ಕೋಣೆಯಲ್ಲಿ ಇರಲೇಬೇಕು. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹಾಕಿ, ಮರದ ಗೋಡೆಯಿಂದ ದೂರ, ಹೊರಗಿಡಿ.

ಹೆಜ್ಜೆ 5: ದಿನದ ಸುತ್ತು

ಈ ಕೆಲಸದ ತಿರುಳು ಇದು. ‘ದಿನದಿನದ ಆರೈಕೆಯಿಂದ ಕ್ಷಯವನ್ನು ತಡೆಯಿರಿ’ ಎಂಬ ಅರ್ಥದ ಮಾತನ್ನು ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಸಂಗಡಿಗರು 1877ರಲ್ಲೇ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟುವಾಗ ಬರೆದಿಟ್ಟರು. ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಪತ್ರವಾದ 1964ರ ವೆನಿಸ್ ಸನ್ನದಿನ 4ನೇ ವಿಧಿಯೂ ಸ್ಮಾರಕಗಳ ನಿರ್ವಹಣೆ ನಿರಂತರವಾಗಿರಬೇಕು ಎನ್ನುತ್ತದೆ. ಅದೇ ಸನ್ನದು ಇನ್ನೊಂದು ಗೆರೆಯನ್ನೂ ಎಳೆದಿದೆ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಬಿದ್ದುಹೋದ ಮೂಲೆ ಹೇಗಿತ್ತೆಂದು ಗೊತ್ತಿಲ್ಲದಿದ್ದರೆ ಅದನ್ನು ನಿಮ್ಮ ಕಲ್ಪನೆಯಿಂದ ಕಟ್ಟಬೇಡಿ.

ಸುತ್ತನ್ನು ಮೇಲಿನಿಂದ ಕೆಳಕ್ಕೆ ನೋಡಿ. ಮೊದಲು ಮಾಡು: ಜಾರಿದ ಹೆಂಚು, ಎದ್ದ ತಗಡು, ಸಡಿಲಗೊಂಡ ಹುಲ್ಲುಹೊದಿಕೆ. ನೆಲದಿಂದಲೇ ದುರ್ಬೀನು ಹಿಡಿದರೆ ಮುಕ್ಕಾಲು ಭಾಗ ಕಾಣುತ್ತದೆ. ಆಮೇಲೆ ದಂಬೆ ಮತ್ತು ನೀರಿಳಿಯುವ ಪೈಪು. ಇವುಗಳನ್ನು ನೋಡಲು ಒಳ್ಳೆಯ ಹೊತ್ತು ಮಳೆ ಸುರಿಯುತ್ತಿರುವಾಗ. ಮಳೆಯಂಗಿ ಹಾಕಿಕೊಂಡು ಹೊರಗೆ ಬನ್ನಿ. ನೀರು ಎಲ್ಲಿ ಉಕ್ಕುತ್ತಿದೆ, ಯಾವ ಗೋಡೆಯ ಮೇಲೆ ಇಳಿಯುತ್ತಿದೆ ಎಂದು ಅದೇ ತೋರಿಸಿಕೊಡುತ್ತದೆ. ಬಿಸಿಲಿನಲ್ಲಿ ಹತ್ತು ಬಾರಿ ನೋಡಿದರೂ ಸಿಗದ ದೋಷ ಮಳೆಯಲ್ಲಿ ಒಂದೇ ಸಲಕ್ಕೆ ಸಿಗುತ್ತದೆ. ಆಮೇಲೆ ಗೋಡೆ, ಕದ, ಕಿಟಕಿ, ಕೊನೆಗೆ ಬುಡ. ಗೋಡೆಯ ಬುಡದಲ್ಲಿ ಮಣ್ಣು, ಹುಲ್ಲು ಏರಿಕೊಂಡಿದ್ದರೆ ತಗ್ಗಿಸಬೇಕೇ ಎಂದು ಕೇಳಿ ತಗ್ಗಿಸಿ.

ಕಡಲೂರಿನ ಗೋಡೆಗೆ ಉಪ್ಪು ದೊಡ್ಡ ಶತ್ರು. ಒಳಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ. ಒಣ ಮೆದು ಬ್ರಷ್‌ನಿಂದ ಕಾಗದದ ಮೇಲೆ ಬೀಳಿಸಿ ಹೊರಗೆ ಒಯ್ಯಿರಿ. ಅಡುಗೆ ಉಪ್ಪಿನ ಗುಣ ಹೀಗಿದೆ: ಗಾಳಿಯ ಸಾಪೇಕ್ಷ ತೇವಾಂಶ ಶೇ 75ರ ಮೇಲಿದ್ದರೆ ಅದು ಗಾಳಿಯ ನೀರನ್ನೇ ಹೀರಿ ಕರಗುತ್ತದೆ, ಕೆಳಗಿಳಿದರೆ ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲಿನ ಸೂಕ್ಷ್ಮ ರಂಧ್ರಗಳನ್ನು ಒಳಗಿನಿಂದ ಒತ್ತುತ್ತದೆ. ಒಮ್ಮೆ ಆದರೆ ಏನೂ ಕಾಣದು. ದಿನವೂ ಬೆಳಗ್ಗೆ ಕರಗಿ, ಮಧ್ಯಾಹ್ನ ಹರಳಾಗಿ, ಹೀಗೇ ವರ್ಷಗಟ್ಟಲೆ ಆದರೆ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಆದ್ದರಿಂದ ತೇವವಿರುವ ಹಳೆಯ ಕೋಣೆಯಲ್ಲಿ ಒಂದು ದಿನ ಜೋರಾಗಿ ಬೆಂಕಿ ಹಾಕಿ ಒಣಗಿಸುವುದು ಉಪಕಾರವಲ್ಲ. ತೇವಾಂಶ ಮಾಪಕ ಒಂದನ್ನು ತೂಗುಹಾಕಿ, ಕಿಟಕಿ ತೆರೆದು ಮುಚ್ಚುತ್ತ, ಏರಿಳಿತ ಕಡಿಮೆಯಿರುವಂತೆ ನೋಡಿಕೊಳ್ಳಿ.

ಕಬ್ಬಿಣದ ಮೇಲೂ ಕಣ್ಣಿರಲಿ. ಕಲ್ಲಿನೊಳಗೆ ಕೂರಿಸಿದ ಕೊಂಡಿ, ಸರಳು, ತಿರುಗಣಿ ತುಕ್ಕು ಹಿಡಿದಾಗ ತುಕ್ಕಿನ ಗಾತ್ರ ಮೂಲ ಲೋಹಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಕಲ್ಲನ್ನೇ ಸೀಳುತ್ತದೆ. ಹೊಸ ಮೊಳೆ, ಸ್ಕ್ರೂ ಬಳಸಬೇಕಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ಸಾಮಾನ್ಯ 304 ಕಡಲ ಗಾಳಿಯಲ್ಲಿ ಕಲೆಗಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಕಾರ್ಖಾನೆ ನೆಲೆಗಳಲ್ಲಿ ಕೊಳವೆಗೆ ಸುತ್ತಿದ ಹೊದಿಕೆಯನ್ನು ಮುಟ್ಟಲೇಬೇಡಿ, ಅದು ಉಸಿರಿಗೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು.

ಗಾರೆ ಉದುರಿದ ಸಂದು ತುಂಬುವ ಕೆಲಸಕ್ಕೆ ಅನುಮತಿ ಸಿಕ್ಕಿದರೆ ಹೀಗೆ ಮಾಡಿ. ಸಿಮೆಂಟು ಬೇಡವೇ ಬೇಡ. ಅದು ಹಳೆಯ ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡದು; ಒಳಗೆ ಸಿಕ್ಕಿದ ತೇವ ಕಲ್ಲಿನ ಮೂಲಕವೇ ಹೊರಬರಲು ಹೋಗಿ ಕಲ್ಲನ್ನು ತಿನ್ನುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯಬೇಕಾದದ್ದು ಗಾರೆ, ಕಲ್ಲಲ್ಲ. ಕಡಲ ಹವೆಗೆ ನೀರಿನಲ್ಲೂ ಗಟ್ಟಿಯಾಗುವ ನೈಸರ್ಗಿಕ ಸುಣ್ಣವನ್ನು ತಜ್ಞರು ಸೂಚಿಸುವುದುಂಟು. ಯಾವ ದರ್ಜೆಯದು ಎಂದು ಅವರೇ ಹೇಳಲಿ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಒರಟು ಮರಳು. ಎದುರಿಗೇ ರಾಶಿ ಬಿದ್ದಿದೆಯೆಂದು ಕಡಲ ಮರಳು ತರಬೇಡಿ, ಅದರೊಂದಿಗೆ ಉಪ್ಪೂ ಗೋಡೆ ಸೇರುತ್ತದೆ.

ಸಡಿಲ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು ತೆಗೆಯಿರಿ. ಯಂತ್ರ ಬೇಡ, ಕೈಯಿಂದ. ದೂಳು ತೆಗೆದು ನೀರು ಚಿಮುಕಿಸಿ. ಒಣ ಕಲ್ಲು ಗಾರೆಯ ನೀರನ್ನು ಹೀರಿಬಿಡುತ್ತದೆ. ಕಿರಿದಾದ ಕರಣೆಯಿಂದ ಗಾರೆಯನ್ನು ಒಳಗೊಳಗೆ ಒತ್ತುತ್ತ ತುಂಬಿ, ಕಲ್ಲಿನ ಮುಖದ ಮೇಲೆ ಹರಡಬೇಡಿ. ಹೆಬ್ಬೆರಳ ಉಗುರು ಒತ್ತಿದರೆ ಮಾತ್ರ ಗುರುತು ಬೀಳುವಷ್ಟು ಬಿಗಿದ ಮೇಲೆ ಗಡುಸು ಬ್ರಷ್‌ನಿಂದ ಕುಟ್ಟಿ ಮೈ ಒರಟು ಮಾಡಿ. ಒರಟು ಮೈ ಬೇಗ ತೇವ ಬಿಡುತ್ತದೆ. ಆಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಬಿಸಿಲು, ಗಾಳಿಯಿಂದ ಕೆಲವು ದಿನ ಕಾಪಾಡಿ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋಗುವ ದಿನಗಳಲ್ಲಿ ಈ ಕೆಲಸ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಗವಸು ತಪ್ಪದಿರಲಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಒಂದು ದಿನಕ್ಕೆ ಒಂದು ಮೀಟರ್ ಗೋಡೆ ಮುಗಿದರೆ ತೃಪ್ತಿಪಡಿ.

ಒಂದು ಎಚ್ಚರಿಕೆ. ಗಾರೆಯಿಲ್ಲದೆ ಒಣಗಲ್ಲಿನಲ್ಲಿ ಕಟ್ಟಿದ ಗೋಡೆಯ ಸಂದುಗಳನ್ನು ಎಂದೂ ತುಂಬಬೇಡಿ. ಸೇಂಟ್ ಕಿಲ್ಡಾದಲ್ಲಿ ಆಹಾರ, ಉರುವಲು ಕೂಡಿಡಲು ಕಟ್ಟಿದ ಕ್ಲೀಟ್ ಎಂಬ ಪುಟ್ಟ ಕಲ್ಮನೆಗಳು ಸಾವಿರಕ್ಕೂ ಹೆಚ್ಚಿವೆ. ಗಾಳಿ ಸಂದಿಯಿಂದ ನುಗ್ಗಿ ಒಳಗಿನದನ್ನು ಒಣಗಿಸಲಿ ಎಂದೇ ಅವುಗಳನ್ನು ಹಾಗೆ ಕಟ್ಟಿದ್ದು. ಅಂಥ ಗೋಡೆಗಳಲ್ಲಿ ಬಾಡಿಗೆಯಿಲ್ಲದ ನಿವಾಸಿಗಳೂ ಇರುತ್ತಾರೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡಿನ ಮೌಸಾ ದ್ವೀಪದಲ್ಲಿ ಎರಡು ಸಾವಿರ ವರ್ಷದಷ್ಟು ಹಳೆಯ ಕಲ್ಲುಗೋಪುರದ ಸಂದಿಗಳಲ್ಲಿ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿಗಳು ಗೂಡು ಮಾಡುತ್ತವೆ. ಹಗಲಿಡೀ ಅವು ಕಾಣುವುದಿಲ್ಲ, ಬಂದು ಹೋಗುವುದು ಕತ್ತಲಾದ ಮೇಲೆ. ಕಲ್ಲು ಕದಲಿಸುವ ಮುನ್ನ ಸಂದಿಗೆ ಮೂಗು ಹತ್ತಿರ ಒಯ್ಯಿರಿ. ಎಣ್ಣೆಯಂಥ, ಕಸ್ತೂರಿಯಂಥ ಗಾಢ ವಾಸನೆ ಬಂದರೆ ಒಳಗೆ ಗೂಡಿದೆ. ಮರಿಗಳು ಹಾರಿಹೋಗುವವರೆಗೆ ಆ ಗೋಡೆಗೆ ಕೈ ಹಚ್ಚುವಂತಿಲ್ಲ.

ಹೆಜ್ಜೆ 6: ಬರುವವರನ್ನು ಬರಮಾಡಿಕೊಳ್ಳುವುದು

ದೋಣಿ ಇಳಿದವರಿಗೆ ಮೊದಲ ಐದು ನಿಮಿಷದಲ್ಲಿ ಮೂರು ವಿಷಯ ಹೇಳಿ: ಎಲ್ಲಿ ನಡೆಯಬೇಕು, ಯಾವುದರ ಮೇಲೆ ಹತ್ತಬಾರದು, ಎಷ್ಟು ಹೊತ್ತಿಗೆ ದಕ್ಕೆಗೆ ಮರಳಬೇಕು. ಇತಿಹಾಸ ಅದರ ನಂತರ. ಇಳಿದವರೆಷ್ಟು, ಹತ್ತಿದವರೆಷ್ಟು ಎಂದು ನೀವೇ ಎಣಿಸಿ. ದೋಣಿಯವರ ಎಣಿಕೆಯನ್ನು ನಂಬಿ ಕೂರಬೇಡಿ.

ಕೆಲವು ಕಡೆ ನಿಯಮವೇ ಇದೆ. ಅಂಟಾರ್ಕ್ಟಿಕಾದಲ್ಲಿ ಒಂದು ಸ್ಥಳದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ, ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ಇರಬೇಕು. ನಿಯಮವಿಲ್ಲದ ಕಡೆಯೂ ನೀವೊಂದು ಮಿತಿ ಹಾಕಿಕೊಳ್ಳಿ. ಹಳೆಯ ಮರದ ಅಟ್ಟದ ಮೇಲೆ ಒಮ್ಮೆಗೆ ಎಷ್ಟು ಜನ ನಿಲ್ಲಬಹುದು ಎಂಬುದನ್ನು ಎಂಜಿನಿಯರ್ ಹೇಳಿದ ಸಂಖ್ಯೆಯಂತೆ ಬಾಗಿಲಲ್ಲೇ ಬರೆದುಹಾಕಿ. ಸತ್ತ ಹಕ್ಕಿ ಕಂಡರೆ ಯಾರೂ ಮುಟ್ಟಬಾರದು. 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯಾಕ್ಕೂ ತಲುಪಿದ ಹಕ್ಕಿಜ್ವರ ಇಂಥ ದೂರದ ದ್ವೀಪಗಳನ್ನೂ ಬಿಟ್ಟಿಲ್ಲ. ರಾತ್ರಿ ಕಿಟಕಿಗೆ ಪರದೆ ಎಳೆಯಿರಿ. ಪೆಟ್ರೆಲ್, ಶಿಯರ್‌ವಾಟರ್ ಹಕ್ಕಿಗಳು ಬೆಳಕಿಗೆ ಮರುಳಾಗಿ ಗೋಡೆಗೆ ಬಡಿದುಕೊಳ್ಳುತ್ತವೆ.

ಬಂದವರಲ್ಲಿ ಆ ಊರಿನವರ ಮಕ್ಕಳು, ಮೊಮ್ಮಕ್ಕಳು ಇರಬಹುದು. ಅವರನ್ನು ಪ್ರವಾಸಿಗರಂತೆ ಕಾಣಬೇಡಿ. ಅವರ ಅಜ್ಜಿಯ ಮನೆಯ ಬಗ್ಗೆ ನೀವು ವಿವರಿಸಲು ಹೋಗಬೇಡಿ, ಅವರು ಹೇಳುವುದನ್ನು ಕೇಳಿ, ಒಪ್ಪಿಗೆ ಪಡೆದು ಬರೆದುಕೊಳ್ಳಿ. ನಕ್ಷೆಯಲ್ಲಿ ಬರೀ ಸಂಖ್ಯೆಯಾಗಿದ್ದ ಮನೆಗೆ ಅಂದು ಹೆಸರು ಸಿಗಬಹುದು.

ಹೆಜ್ಜೆ 7: ರೇಡಿಯೊ ಮತ್ತು ತುರ್ತು ಕರೆ

ದಿನಕ್ಕೆ ಎರಡು ಬಾರಿ ಗೊತ್ತಾದ ಹೊತ್ತಿಗೆ ಹೊರಜಗತ್ತಿಗೆ ಕರೆ ಮಾಡಿ. ಕರೆ ಬರದಿದ್ದರೆ ಎಷ್ಟು ಗಂಟೆಯ ನಂತರ ಅವರು ಏನು ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಹಡಗು ರೇಡಿಯೊದಲ್ಲಿ ತುರ್ತು ಕರೆಗೆ ವಿಎಚ್‌ಎಫ್ 16ನೇ ವಾಹಿನಿ, 156.8 ಮೆಗಾಹರ್ಟ್ಸ್. ಜೀವಕ್ಕೆ ಅಪಾಯವಿದ್ದರೆ ‘ಮೇಡೇ’ ಎಂದು ಮೂರು ಬಾರಿ, ನಿಮ್ಮ ನೆಲೆಯ ಹೆಸರು, ಇರುವ ಜಾಗ, ಆದದ್ದೇನು, ಬೇಕಾದದ್ದೇನು, ಎಷ್ಟು ಜನ. ಈ ಸಾಲುಗಳನ್ನು ಬರೆದು ರೇಡಿಯೊ ಪಕ್ಕ ಅಂಟಿಸಿ. ಗಾಬರಿಯಲ್ಲಿ ಜಾಗದ ಹೆಸರೂ ಬಾಯಿಗೆ ಬರದು. ಈ ರೇಡಿಯೊ ಅಲೆಗಳು ಬೆಟ್ಟ ದಾಟುವುದಿಲ್ಲ. ಊರಿನ ಯಾವ ಮೂಲೆಯಿಂದ ಸಂಪರ್ಕ ಸಿಗುತ್ತದೆ, ಯಾವ ಮೂಲೆಯಿಂದ ಸಿಗದು ಎಂದು ಶಾಂತವಾದ ದಿನವೇ ನಡೆದು ಪರೀಕ್ಷಿಸಿ ನಕ್ಷೆಯಲ್ಲಿ ಗುರುತಿಸಿ. ಒಬ್ಬರೇ ದೂರ ಹೋಗುವಾಗ ಉಪಗ್ರಹದ ಮೂಲಕ ರಕ್ಷಣಾ ತಂಡವನ್ನು ಕರೆಯುವ 406 ಮೆಗಾಹರ್ಟ್ಸ್‌ನ ವೈಯಕ್ತಿಕ ಸಂಕೇತ ಸಾಧನ ಮೈಮೇಲೆ ಇರಲಿ, ಚೀಲದೊಳಗೆ ಅಲ್ಲ.

ಹೆಜ್ಜೆ 8: ಜೊತೆಗಾರರೊಂದಿಗೆ ಬಾಳುವುದು

ಪೋರ್ಟ್ ಲಾಕ್‌ರಾಯ್‌ನಂಥ ಕಡೆ ನಲ್ಲಿ ನೀರಿಲ್ಲ, ಸ್ನಾನಕ್ಕೆ ಬಂದುಹೋಗುವ ಹಡಗುಗಳೇ ಗತಿ. ನಾಲ್ಕೈದು ಜನ ಒಂದೇ ಸೂರಿನಡಿ ತಿಂಗಳುಗಟ್ಟಲೆ ಇರಬೇಕು. ಅಲ್ಲಿ ಸಣ್ಣ ಅಸಮಾಧಾನ ಅಂದಂದೇ ಮಾತಾಗಿ ಮುಗಿಯಬೇಕು. ವಾರಕ್ಕೊಂದು ದಿನ ಕೂತು ಕೆಲಸದ ಸರದಿ ಹಂಚಿಕೊಳ್ಳಿ, ಶೌಚದ ತೊಟ್ಟಿ ಖಾಲಿ ಮಾಡುವುದನ್ನೂ ಸೇರಿಸಿ. ಪ್ರತಿಯೊಬ್ಬರಿಗೂ ದಿನದಲ್ಲಿ ಒಂದು ಗಂಟೆ, ಯಾರೂ ಕರೆಯದ ಒಂದು ಜಾಗ ಇರಲಿ. ರಜೆಯ ದಿನವನ್ನು ಕೆಲಸಕ್ಕೆ ತಿನ್ನಲು ಬಿಡಬೇಡಿ. ದಣಿದ ಕಣ್ಣಿಗೆ ಜಾರಿದ ಹೆಂಚು ಕಾಣುವುದಿಲ್ಲ.

ಹೆಜ್ಜೆ 9: ಋತು ಮುಗಿದಾಗ

ಹೊರಡುವ ಹದಿನೈದು ದಿನ ಮೊದಲೇ ಶುರುಮಾಡಿ. ದಂಬೆಗಳ ಕಸವನ್ನು ಕೊನೆಯ ಬಾರಿ ತೆಗೆಯಿರಿ. ನೀರಿನ ಕೊಳವೆಗಳನ್ನು ಬರಿದು ಮಾಡಿ, ಉಳಿದ ನೀರು ಹೆಪ್ಪುಗಟ್ಟಿದರೆ ಕೊಳವೆ ಒಡೆಯುತ್ತದೆ. ಕಿಟಕಿಗಳಿಗೆ ಹಲಗೆ ಹೊಡೆಯುವಾಗ ಗಾಳಿಯಾಡಲು ಕಿಂಡಿ ಬಿಡಿ, ಇಲ್ಲವಾದರೆ ಚಳಿಗಾಲವಿಡೀ ಒಳಗೆ ಬೂಷ್ಟು ಬೆಳೆಯುತ್ತದೆ. ಚಿಮಣಿಯ ಬಾಯಿಗೆ ಹಕ್ಕಿ ನುಗ್ಗದಂತೆ ಜಾಲರಿ ಹಾಕಿ. ಆಹಾರದ ಒಂದು ಚೂರೂ ಉಳಿಯಬಾರದು. ಕಸವನ್ನೆಲ್ಲ ನಿಮ್ಮ ದೋಣಿಯಲ್ಲೇ ಒಯ್ಯಿರಿ.

ಮುಂದಿನವರಿಗೆ ಒಂದು ಪುಸ್ತಕ ಬರೆದಿಡಿ. ಅದರಲ್ಲಿ ನಿಮ್ಮ ಅನುಭವಕ್ಕಿಂತ ಮೊದಲು ಬರಬೇಕಾದದ್ದು: ಯಾವ ಬೀಗಕ್ಕೆ ಯಾವ ಕೀಲಿ, ಗ್ಯಾಸ್ ಕವಾಟ ಎಲ್ಲಿ, ಯಾವ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ಯಾವ ದಿಕ್ಕಿನ ಗಾಳಿಗೆ ಯಾವ ಕದ ತೆರೆದುಕೊಳ್ಳುತ್ತದೆ. ಆಮೇಲೆ ಕಟ್ಟಡವಾರು ಪಟ್ಟಿ: ಏನು ಬದಲಾಯಿತು, ಏನು ಮಾಡಿದೆವು, ಯಾವ ಸುಣ್ಣ ಯಾವ ಅಳತೆಯಲ್ಲಿ ಬೆರೆಸಿದೆವು, ಏನು ಮಾಡದೇ ಬಿಟ್ಟೆವು ಮತ್ತು ಏಕೆ. ಮಾಡದೇ ಬಿಟ್ಟ ಕೆಲಸದ ಕಾರಣ ಬರೆಯದಿದ್ದರೆ ಮುಂದೆ ಬರುವವರು ಅದನ್ನು ನಿರ್ಲಕ್ಷ್ಯ ಎಂದುಕೊಂಡು, ಹಕ್ಕಿಗೂಡಿರುವ ಗೋಡೆಗೆ ಮೊದಲ ದಿನವೇ ಕೈ ಹಚ್ಚುತ್ತಾರೆ. ಪುಸ್ತಕವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಒಂದು ಪ್ರತಿ ಗಾಳಿಯಾಡದ ಡಬ್ಬದಲ್ಲಿ ಊರಿನಲ್ಲೇ ಇರಲಿ, ಇನ್ನೊಂದು ನಿಮ್ಮೊಂದಿಗೆ ದೋಣಿ ಹತ್ತಿ ಕಚೇರಿ ತಲುಪಲಿ.